ರೊಟ್ಟಿ ಹಂಚಿನ ಮೇಲೆ ದಾಳಿಂಬೆ ಸ್ಕೋನ್

ಚಿತ್ರದುರ್ಗ ಜಿಲ್ಲೆಯ ತಾಳ್ಯದಂಥ ಊರಿನಲ್ಲಿ ಕೂತು ಮೊಬೈಲಿನಲ್ಲಿ ಸ್ಕೋನ್ ಎಂಬ ತಿಂಡಿ ಮಾಡುವ ವಿಡಿಯೊ ನೋಡಿದವರನ್ನು ಮೊದಲು ಹೆದರಿಸುವುದು ಸಾಮಾನಿನ ಪಟ್ಟಿ. ಬ್ಲೂಬೆರಿ, ಕ್ರ್ಯಾನ್‌ಬೆರಿ, ಹೆವಿ ಕ್ರೀಮ್, 220 ಡಿಗ್ರಿ ಕಾಯುವ ಓವನ್. ಹೊಳಲ್ಕೆರೆಯ ಅಂಗಡಿಯಲ್ಲಿ ಕ್ರ್ಯಾನ್‌ಬೆರಿ ಕೇಳುವುದಕ್ಕೇ ಸಂಕೋಚವಾಗುತ್ತದೆ. ಹೋಗಲಿ, ಇರುವ ಹಣ್ಣನ್ನೇ ಹಾಕೋಣ ಎಂದು ತೋಟದ ದಾಳಿಂಬೆಯನ್ನೋ ಮಾವಿನ ರಸವನ್ನೋ ಸುರಿದರೆ ಹಿಟ್ಟು ಕೈಗೆ ಅಂಟಿ ಬಿಡಿಸಲಾಗದಷ್ಟು ತೆಳುವಾಗುತ್ತದೆ. ಅದನ್ನು ಗಟ್ಟಿ ಮಾಡಲು ಇನ್ನೊಂದಿಷ್ಟು ಮೈದಾ ಸೇರಿಸಿ ನಾದಿದರೆ ಕೊನೆಗೆ ಬರುವುದು ಹಲ್ಲಿಗೆ ಸವಾಲು ಹಾಕುವ ಬಿಲ್ಲೆ.

ಹೀಗಾದಾಗ ಬಹಳ ಮಂದಿ ದೂರುವುದು ಓವನ್ ಇಲ್ಲದಿರುವುದನ್ನು, ಇದ್ದರೆ ಅದರ ಗುಣಮಟ್ಟವನ್ನು. ನಿಜವಾದ ತೊಂದರೆ ಹಣ್ಣಿನೊಳಗಿನ ನೀರು. ಅದರ ಲೆಕ್ಕ ಇಟ್ಟರೆ ನಮ್ಮ ಹೊಸದುರ್ಗ, ಹಿರಿಯೂರು, ಹೊಳಲ್ಕೆರೆ ಸೀಮೆಯ ಹಣ್ಣುಗಳಲ್ಲೇ ಒಳ್ಳೆಯ ಸ್ಕೋನ್ ಬರುತ್ತದೆ. ಓವನ್ ಬೇಕೇಬೇಕು ಎಂದೇನೂ ಇಲ್ಲ.

ಸ್ಕೋನ್ ಹುಟ್ಟಿದ್ದೇ ಓವನ್ನಿನಲ್ಲಲ್ಲ. ಸ್ಕಾಟ್ಲೆಂಡಿನ ಹಳ್ಳಿಮನೆಗಳಲ್ಲಿ ಓಟ್ಸ್ ಅಥವಾ ಬಾರ್ಲಿ ಹಿಟ್ಟನ್ನು ದುಂಡಗೆ ತಟ್ಟಿ, ಬೆಂಕಿಯ ಮೇಲಿನ ಕಬ್ಬಿಣದ ಹಂಚಿನಲ್ಲಿ ಬೇಯಿಸಿ, ತ್ರಿಕೋನದ ತುಂಡುಗಳಾಗಿ ಕತ್ತರಿಸಿ ತಿನ್ನುತ್ತಿದ್ದರು. 1843ರಲ್ಲಿ ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ ಯೀಸ್ಟ್ ಒಗ್ಗದ ಹೆಂಡತಿಗಾಗಿ ಬೇಕಿಂಗ್ ಪೌಡರ್ ತಯಾರಿಸಿದ. ಅಂಥ ಪುಡಿಗಳು ಮನೆಮನೆಗೆ ಬಂದ ಮೇಲೆ ಸ್ಕೋನ್ ಇಂದಿನಂತೆ ಎತ್ತರಕ್ಕೆ ಉಬ್ಬತೊಡಗಿತು. ನಮ್ಮಲ್ಲಿ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಶುರುವಾದ ಬಿ.ಬಿ. ಬೇಕರಿಯಿಂದ ಹಿಡಿದು ಅಯ್ಯಂಗಾರ್ ಬೇಕರಿಗಳು ಬನ್ನು, ಬ್ರೆಡ್ಡು, ಕೇಕು ಎಲ್ಲವನ್ನೂ ನಮ್ಮದಾಗಿಸಿಕೊಂಡವು, ಸ್ಕೋನನ್ನು ಮಾತ್ರ ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಬೆಳಿಗ್ಗೆ ಮಾಡಿದ್ದು ಸಂಜೆಗೆ ಒಣಗುವ ತಿಂಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮಾರುವುದು ಕಷ್ಟ ಎಂಬುದೇ ಕಾರಣವಿರಬೇಕು ಎಂದು ನನ್ನ ಊಹೆ. ಅಂದರೆ ಇದು ಮನೆಯಲ್ಲೇ ಮಾಡಿ ಬಿಸಿಯಾಗಿ ತಿನ್ನಬೇಕಾದದ್ದು, ರೊಟ್ಟಿಯ ಹಾಗೆ.

ಒಳಗೆ ಏನು ನಡೆಯುತ್ತದೆ?

ಮೈದಾಕ್ಕೆ ನೀರು ತಾಗಿ ಕೈಯಾಡಿದ ಕೂಡಲೇ ಗ್ಲುಟೆನ್ ಎಂಬ ಜಿಗುಟು ಎಳೆ ಹುಟ್ಟುತ್ತದೆ. ಪರೋಟಕ್ಕೆ ಅದು ಬೇಕು, ಸ್ಕೋನಿಗೆ ಹೆಚ್ಚು ಬೇಡ. ಆದ್ದರಿಂದ ಮೊದಲು ತಣ್ಣನೆಯ ಬೆಣ್ಣೆಯನ್ನು ಹಿಟ್ಟಿಗೆ ಉಜ್ಜುತ್ತೇವೆ. ಹಿಟ್ಟಿನ ಕಣಕ್ಕೆ ಜಿಡ್ಡಿನ ಲೇಪ ಬಿದ್ದರೆ ನೀರು ಸುಲಭವಾಗಿ ಒಳಗೆ ಇಳಿಯುವುದಿಲ್ಲ, ಎಳೆಯೂ ಬೆಳೆಯುವುದಿಲ್ಲ. ಪೂರ್ತಿ ಬೆರೆಯದೆ ಚೂರುಚೂರಾಗಿ ಉಳಿದ ಬೆಣ್ಣೆ ಇನ್ನೊಂದು ಕೆಲಸ ಮಾಡುತ್ತದೆ. ಬೆಣ್ಣೆಯಲ್ಲಿ ಸುಮಾರು ಶೇ 16ರಷ್ಟು ನೀರಿರುತ್ತದೆ. ಬಿಸಿ ತಾಗಿದಾಗ ಚೂರು ಕರಗಿ ಅದರ ಜಾಗ ಪೊಳ್ಳಾಗುತ್ತದೆ, ಒಳಗಿನ ನೀರು ಹಬೆಯಾಗಿ ಸುತ್ತಲಿನ ಹಿಟ್ಟನ್ನು ಮೇಲೆತ್ತುತ್ತದೆ. ಅದೇ ಹೊತ್ತಿಗೆ ಬೇಕಿಂಗ್ ಪೌಡರಿನ ಅನಿಲವೂ ಕೈಜೋಡಿಸುತ್ತದೆ. ಕಲಸುವ ಮೊದಲೇ ಬೆಣ್ಣೆ ಕರಗಿ ಹಿಟ್ಟಿನಲ್ಲಿ ಲೀನವಾದರೆ ಈ ಪದರಗಳಿಲ್ಲ, ಸಿಗುವುದು ಬಿಸ್ಕತ್ತಿನ ಅಣ್ಣ. ತುಪ್ಪದಲ್ಲಿ ನೀರಿನಂಶ ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ತುಪ್ಪ ಹಾಕಿದ ಸ್ಕೋನ್ ಪುಡಿಪುಡಿಯಾಗಿ ರುಚಿ ಎನಿಸಬಹುದು, ಪದರ ಮಾತ್ರ ಬಿಡುವುದಿಲ್ಲ.

ಇನ್ನು ನೀರಿನ ಲೆಕ್ಕ. 250 ಗ್ರಾಂ ಮೈದಾಕ್ಕೆ 120ರಿಂದ 130 ಮಿಲಿ ಹಾಲು ಅಥವಾ ಮಜ್ಜಿಗೆ ಸಾಕು. ಮಾವಿನಲ್ಲಿ ಸುಮಾರು ಶೇ 83, ಪರಂಗಿಯಲ್ಲಿ ಶೇ 88, ದಾಳಿಂಬೆ ಕಾಳಿನಲ್ಲಿ ಶೇ 78, ಬಾಳೆಯಲ್ಲಿ ಶೇ 75 ನೀರು. ಒಣದ್ರಾಕ್ಷಿಯಲ್ಲಿ ಶೇ 15ರ ಆಸುಪಾಸು. ಹಾಲು ಅಷ್ಟೇ ಇಟ್ಟು 100 ಗ್ರಾಂ ಮಾವಿನ ತಿರುಳು ಸೇರಿಸಿದರೆ ಹಿಟ್ಟಿಗೆ ಬಿದ್ದ ನೀರು 200 ಮಿಲಿ ಮುಟ್ಟುತ್ತದೆ. ಅದನ್ನು ತಟ್ಟಲಾಗುವುದಿಲ್ಲ, ಸುರಿಯಬೇಕಷ್ಟೆ. ಹಳೆಯ ಸ್ಕೋನುಗಳಲ್ಲಿ ಒಣದ್ರಾಕ್ಷಿಯೇ ಏಕೆ ಎಂದರೆ ಇದೂ ಒಂದು ಕಾರಣವಿರಬಹುದು.

ಯಾವ ಹಣ್ಣು, ಹೇಗೆ?

ದಾಳಿಂಬೆಯಿಂದಲೇ ಶುರು ಮಾಡೋಣ, ಜಿಲ್ಲೆಯ ತೋಟಗಳಲ್ಲಿ ಅದಕ್ಕೆ ಬರವಿಲ್ಲ. ಕೆಂಪನೆಯ ಭಗವಾ ತಳಿಯ ಕಾಳು ಮೆತ್ತಗಿದ್ದು ಬೀಜ ಹಲ್ಲಿಗೆ ಅಷ್ಟಾಗಿ ಸಿಕ್ಕುವುದಿಲ್ಲ, ಸ್ಕೋನಿಗೆ ಒಗ್ಗುತ್ತದೆ. ಒಣಗಿದ ನೆಲಕ್ಕೆ ಒಮ್ಮೆಲೇ ನೀರು ಸಿಕ್ಕಿ ಸಿಪ್ಪೆ ಬಿರಿದ ಹಣ್ಣಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ. ಆಗತಾನೇ ಬಿರಿದಿದ್ದು ಒಳಗೆ ಕೊಳೆಯದಿದ್ದರೆ ಅದು ನಿಮ್ಮ ಅಡುಗೆಮನೆಗೆ ಸರಿ. ಔಷಧಿ ಹೊಡೆದ ಗಿಡದ ಹಣ್ಣಾದರೆ ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿದಿರಬೇಕು. ಬಿರಿದ ಹಣ್ಣಿನಲ್ಲಿ ಔಷಧಿ ನೇರ ಕಾಳಿಗೇ ಇಳಿದಿರಬಹುದು, ಮೇಲೆ ತೊಳೆದರೆ ಹೋಗುವುದಿಲ್ಲ. ಅನುಮಾನವಿದ್ದರೆ ಬಿಡಿ.

ಕಾಳನ್ನು ಒಣಗಿಸಲು ಎರಡು ದಾರಿ. ನಿಧಾನದ್ದು ಬಿಸಿಲು: ಮೊರದ ಮೇಲೆ ಬಿಳಿ ಬಟ್ಟೆ ಹಾಸಿ, ಕಾಳನ್ನು ಒಂದರ ಮೇಲೊಂದು ಬೀಳದಂತೆ ಹರವಿ, ಮೇಲೆ ತೆಳು ಬಟ್ಟೆ ಕಟ್ಟಿ. ನಮ್ಮ ಬಯಲುಸೀಮೆಯ ಒಣ ಗಾಳಿ ಇಲ್ಲಿ ವರವೇ ಸರಿ. ಮಾರ್ಚ್, ಏಪ್ರಿಲ್‌ನಲ್ಲಿ ಎರಡರಿಂದ ನಾಲ್ಕು ದಿನಕ್ಕೆ ಕಾಳು ಸುಕ್ಕುಗಟ್ಟಿ ಕೈಗೆ ಅಂಟಂಟಾಗಿ ಸಿಗುತ್ತದೆ. ರಾತ್ರಿ ಒಳಗೆ ತನ್ನಿ. ಮೋಡದ ದಿನಗಳಲ್ಲಿ ಈ ಸಾಹಸ ಬೇಡ, ಬೂಸಲು ಹಿಡಿಯುತ್ತದೆ. ಬೇಗದ್ದು ಬಾಣಲೆ: ಒಂದು ಬಟ್ಟಲು ಕಾಳಿಗೆ ಒಂದು ಚಮಚ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕೈಯಾಡಿಸಿ. ರಸ ಬಿಟ್ಟುಕೊಂಡು ಆಮೇಲೆ ಇಂಗುತ್ತದೆ. ತಳದಲ್ಲಿ ರಸ ಹರಿಯದಂತಾದ ಮೇಲೆ ಇಳಿಸಿ, ಪೂರ್ತಿ ತಣ್ಣಗಾಗಲು ಬಿಡಿ.

ಮಾವು, ಬಾಳೆ, ಸಪೋಟದ ತಿರುಳು ಹಾಕುವುದಾದರೆ ಒಂದು ಸುಲಭ ಸೂತ್ರ: ತಿರುಳಿನ ತೂಕದ ಮುಕ್ಕಾಲು ಭಾಗದಷ್ಟು ಹಾಲನ್ನು ಕಡಿಮೆ ಮಾಡಿ. 80 ಗ್ರಾಂ ಬಾಳೆಹಣ್ಣು ಹಿಸುಕಿ ಹಾಕಿದರೆ ಹಾಲು 60 ಮಿಲಿ ಕಡಿಮೆ. ಮಾವಿನ ರಸವನ್ನು ಮೊದಲೇ ಕಾಯಿಸಿ ಅರ್ಧಕ್ಕೆ ಇಂಗಿಸಿಕೊಂಡರೆ ಇನ್ನೂ ಚೆನ್ನ, ಪರಿಮಳವೂ ಗಟ್ಟಿಯಾಗುತ್ತದೆ. ಆಗ ಇಂಗಿಸಿದ ರಸದ ತೂಕದ ಅರ್ಧದಷ್ಟು ಹಾಲು ತೆಗೆದು ಶುರು ಮಾಡಿ, ಉಳಿದದ್ದನ್ನು ಕೈಯೇ ಹೇಳುತ್ತದೆ.

ಪರಂಗಿಯನ್ನು ಹಸಿಯಾಗಿ ಹಾಕಬೇಡಿ. ಅದರಲ್ಲಿರುವ ಪಪೈನ್ ಎಂಬ ಕಿಣ್ವ, ಮುಖ್ಯವಾಗಿ ಕಾಯಿಯ ಹಾಲಿನಲ್ಲಿ ಇರುವಂಥದ್ದು, ಹಾಲಿನ ಮತ್ತು ಹಿಟ್ಟಿನ ಪ್ರೋಟೀನನ್ನು ಒಡೆಯುತ್ತದೆ. ಕಲಸಿಟ್ಟ ಹಿಟ್ಟು ಸಡಿಲಾಗಿ ಕಹಿಯೂ ಆಗಬಹುದು. ಬೇಯಿಸಿದರೆ ಪಪೈನಿನ ಆಟ ನಿಲ್ಲುತ್ತದೆ. ಬೇಕರಿಯ ಬಣ್ಣದ ಟೂಟಿ ಫ್ರೂಟಿ ಎಂದರೆ ಸಕ್ಕರೆ ಪಾಕದಲ್ಲಿ ಬೇಯಿಸಿದ ಪರಂಗಿ ಕಾಯಿಯೇ ತಾನೇ? ಮನೆಯಲ್ಲಿ ಕಾಯಿಯ ಚಿಕ್ಕ ತುಂಡುಗಳನ್ನು ಮೊದಲು ನೀರಿನಲ್ಲಿ ಕುದಿಸಿ ಬಸಿದು, ಪಾಕದಲ್ಲಿ ಪಾರದರ್ಶಕವಾಗುವವರೆಗೆ ಬೇಯಿಸಿ, ಒಣಗಿಸಿಟ್ಟುಕೊಳ್ಳಿ. ಬಣ್ಣ ಹಾಕಲೇಬೇಕೆಂದಿಲ್ಲ.

ಚಿತ್ರದುರ್ಗದ ಗುಡ್ಡಗಳಲ್ಲಿ ಧಾರಾಳವಾಗಿ ಸಿಗುವ ಸೀತಾಫಲದ ಮೇಲೆ ಎಷ್ಟೇ ಪ್ರೀತಿ ಇದ್ದರೂ ಅದನ್ನು ಬೇಯಿಸಲು ಹೋಗಬೇಡಿ. ಬಿಸಿಗೆ ಅದರ ತಿರುಳು ಕಹಿಯಾಗುತ್ತದೆ. ಬೀಜ ವಿಷಕಾರಿ, ಮಿಕ್ಸಿಯಲ್ಲಿ ತಪ್ಪಿಯೂ ಅರೆಯಬಾರದು. ತಿರುಳನ್ನು ಕೆನೆಯೊಂದಿಗೆ ಬೆರೆಸಿ, ಬೆಂದ ಸ್ಕೋನಿನ ಪಕ್ಕದಲ್ಲಿ ಬಡಿಸಿ.

ಬೇಕಾಗುವ ಸಾಮಾನು (ಎಂಟು ತುಂಡಿಗೆ)

ಮೈದಾ 250 ಗ್ರಾಂ, ಅಂದರೆ ಒತ್ತದೆ ಮಟ್ಟಸವಾಗಿ ತುಂಬಿದ ಎರಡು ಬಟ್ಟಲು. ಬೇಕಿಂಗ್ ಪೌಡರ್ ಎರಡೂವರೆ ಟೀ ಚಮಚ. ಸಕ್ಕರೆ ಮೂರು ದೊಡ್ಡ ಚಮಚ. ಉಪ್ಪು ಕಾಲು ಟೀ ಚಮಚ (ಉಪ್ಪಿನ ಬೆಣ್ಣೆಯಾದರೆ ಬೇಡ). ತಣ್ಣನೆಯ ಬೆಣ್ಣೆ 60 ಗ್ರಾಂ. ತಣ್ಣನೆಯ ಹಾಲು 120 ಮಿಲಿ, ಮೇಲೆ ಸವರಲು ಇನ್ನೊಂದು ಚಮಚ. ಒಣಗಿಸಿದ ದಾಳಿಂಬೆ ಅಥವಾ ಬೇರೆ ಹಣ್ಣು 75 ಗ್ರಾಂ. ಮೊಟ್ಟೆ ಬೇಕಿಲ್ಲ.

ಮನೆಯಲ್ಲಿ ಕಡೆದ ಬೆಣ್ಣೆಯಾದರೆ ತಣ್ಣೀರಿನಲ್ಲಿ ಮೂರು ನಾಲ್ಕು ಸಲ ತೊಳೆದು, ಮಜ್ಜಿಗೆ ಪೂರ್ತಿ ಹೋಗುವಂತೆ ಹಿಂಡಿ. ಅಂಗಡಿ ಬೆಣ್ಣೆಗಿಂತ ಅದರಲ್ಲಿ ನೀರು ಹೆಚ್ಚು, ಅದಕ್ಕೆ ಹಾಲನ್ನು 110 ಮಿಲಿಯಿಂದ ಶುರು ಮಾಡಿ.

ಹಳೆಯ ಬೇಕಿಂಗ್ ಪೌಡರ್ ಡಬ್ಬಿಯನ್ನು ನಂಬಬೇಡಿ. ಅರ್ಧ ಚಮಚವನ್ನು ಬಿಸಿನೀರಿಗೆ ಹಾಕಿ ನೋಡಿ, ಭರ್ರನೆ ನೊರೆ ಬಂದರೆ ಸರಿ. ಬೇಕಿಂಗ್ ಪೌಡರ್ ಸಿಗದಿದ್ದರೆ ಅರ್ಧ ಟೀ ಚಮಚ ಅಡುಗೆ ಸೋಡ, ಹಾಲಿನ ಬದಲು ಚೆನ್ನಾಗಿ ಹುಳಿಯಾದ ಗಟ್ಟಿ ಮಜ್ಜಿಗೆ. ಹುಳಿ ಸಾಲದಿದ್ದರೆ ಸೋಡ ಹಾಗೇ ಉಳಿದು ಸಾಬೂನಿನ ವಾಸನೆ ಬರುತ್ತದೆ.

ಮಾಡುವ ಕ್ರಮ

1. ಬೇಸಿಗೆಯಾದರೆ ಬೆಳಗಿನ ತಂಪಿನಲ್ಲೇ ಕೆಲಸ ಮುಗಿಸಿ. ಬೆಣ್ಣೆಯನ್ನು ಕಡಲೆಕಾಳಿನ ಗಾತ್ರಕ್ಕೆ ಕತ್ತರಿಸಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಫ್ರಿಜ್ ಇಲ್ಲದಿದ್ದರೆ ಡಬ್ಬಿಯಲ್ಲಿ ಹಾಕಿ, ಒದ್ದೆ ಬಟ್ಟೆ ಸುತ್ತಿ, ಗಾಳಿ ಆಡುವ ನೆರಳಿನಲ್ಲಿ ಹಿಂದಿನ ರಾತ್ರಿಯೇ ಇಡಿ. ಗಾಳಿ ಒಣಗಿದ್ದಷ್ಟೂ ಬಟ್ಟೆಯ ನೀರು ಬೇಗ ಆರಿ ಡಬ್ಬಿ ತಣ್ಣಗಾಗುತ್ತದೆ. ಕರಾವಳಿಯಲ್ಲಿ ಅಷ್ಟಾಗಿ ನಡೆಯದ ಈ ಉಪಾಯ ನಮ್ಮಲ್ಲಿ ನಡೆಯುತ್ತದೆ.

2. ಮೈದಾ, ಬೇಕಿಂಗ್ ಪೌಡರ್, ಉಪ್ಪನ್ನು ಎರಡು ಸಲ ಜರಡಿ ಹಿಡಿಯಿರಿ. ಸಕ್ಕರೆ ಬೆರೆಸಿ.

3. ಬೆಣ್ಣೆ ಹಾಕಿ ಬೆರಳ ತುದಿಯಲ್ಲಿ ಮಾತ್ರ ಉಜ್ಜಿ. ಅಂಗೈಯ ಬಿಸಿಗೆ ಬೆಣ್ಣೆ ಕರಗುತ್ತದೆ. ಹೆಚ್ಚಿನ ಭಾಗ ಒರಟು ರವೆಯಂತಾಗಿ, ನಡುನಡುವೆ ಹೆಸರುಕಾಳಿನ ಗಾತ್ರದ ಚೂರು ಉಳಿದಿರುವಾಗಲೇ ನಿಲ್ಲಿಸಿ.

4. ತಣ್ಣಗಾದ ಹಣ್ಣನ್ನು ಈ ಪುಡಿಗೆ ಬೆರೆಸಿ. ಹಾಲು ಹಾಕಿದ ಮೇಲೆ ಹಣ್ಣು ಸೇರಿಸಿದರೆ ಎಲ್ಲ ಕಡೆ ಹರಡಲು ಮತ್ತೆ ನಾದಬೇಕಾಗುತ್ತದೆ.

5. ನಡುವೆ ಗುಂಡಿ ಮಾಡಿ ಹಾಲಿನ ಮುಕ್ಕಾಲು ಭಾಗ ಸುರಿಯಿರಿ, ಚಾಕುವಿನಿಂದ ಅಥವಾ ಚಪ್ಪಟೆ ಮೊಗಚುವ ಕೈಯಿಂದ ಕಲಸಿ. ಒಣ ಪುಡಿ ಉಳಿದರೆ ಮಾತ್ರ ಚಮಚ ಚಮಚವಾಗಿ ಇನ್ನಷ್ಟು. ಹಿಟ್ಟು ಒರಟಾಗಿ, ಸ್ವಲ್ಪ ಜಿಗುಟಾಗಿ ಒಂದೇ ಮುದ್ದೆಯಾದರೆ ಸಾಕು. ನುಣ್ಣಗೆ ಹೊಳೆಯುವ ಹಿಟ್ಟು ಕಂಡರೆ ಅತಿಯಾಗಿದೆ ಎಂದೇ ಅರ್ಥ.

6. ಮಣೆಗೆ ಮೈದಾ ಉದುರಿಸಿ ಹಿಟ್ಟನ್ನು ಕೈಯಲ್ಲೇ ತಟ್ಟಿ, ಒಮ್ಮೆ ಅರ್ಧಕ್ಕೆ ಮಡಿಸಿ, ಮತ್ತೆ ತಟ್ಟಿ. ಲಟ್ಟಣಿಗೆ ಬೇಡ. ಹಂಚಿಗೆ ಒಂದೂವರೆ ಸೆಂಟಿಮೀಟರ್ ದಪ್ಪ, ಓವನ್ ಅಥವಾ ಬಾಣಲೆಗೆ ಎರಡೂವರೆ ಸೆಂಟಿಮೀಟರ್. ಹರಿತ ಚಾಕುವಿಗೆ ಮೈದಾ ಸವರಿ ನೇರ ಕೆಳಗೆ ಒತ್ತಿ ಎಂಟು ತ್ರಿಕೋನ ಮಾಡಿ. ಹಂಚಿಗೆ ಮಾಡುವಾಗ ಹಿಟ್ಟಿನ ಅರ್ಧರ್ಧಕ್ಕೆ ಬೇರೆ ಬೇರೆ ಬಿಲ್ಲೆ ತಟ್ಟಿದರೆ ಸಲೀಸು.

7. ಬೇಯಿಸುವುದು ಮೂರು ರೀತಿ.

ಹಂಚು: ರೊಟ್ಟಿಯ ದಪ್ಪ ಹಂಚನ್ನು ಸಣ್ಣ ಉರಿಯಲ್ಲಿ ಐದಾರು ನಿಮಿಷ ಕಾಯಿಸಿ, ಚಿಟಿಕೆ ಮೈದಾ ಉದುರಿಸಿ. ಅದು ನಿಧಾನವಾಗಿ ತಿಳಿ ಕಂದಾದರೆ ಕಾವು ಸರಿ. ತಕ್ಷಣ ಕಪ್ಪಾದರೆ ಇಳಿಸಿ ಸ್ವಲ್ಪ ಆರಿಸಿ. ಹಿಟ್ಟನ್ನು ಒರೆಸಿ ತೆಗೆದು ತುಂಡುಗಳನ್ನು ಬಿಡಿಬಿಡಿಯಾಗಿ ಇಡಿ, ಎಣ್ಣೆ ಬೇಡ. ಮುಚ್ಚಿ ಏಳೆಂಟು ನಿಮಿಷ, ತಿರುವಿ ಮತ್ತೆ ಅಷ್ಟೇ ಹೊತ್ತು. ಕೊನೆಗೆ ಬದಿಗಳನ್ನೂ ಒಂದೊಂದು ನಿಮಿಷ ತಾಗಿಸಿ. ಹಂಚಿಗೆ ಇಡುವ ಮೊದಲೇ ಮೇಲೆ ಕಾಣುವ ಹಣ್ಣನ್ನು ಒಳಗೆ ಒತ್ತಿಬಿಡಿ, ಇಲ್ಲವಾದರೆ ಕಬ್ಬಿಣಕ್ಕೆ ಅಂಟಿ ಕರಕಲಾಗುತ್ತದೆ.

ಬಾಣಲೆ: ದಪ್ಪ ತಳದ ಹಳೆಯ ಬಾಣಲೆಗೆ ಒಂದಂಗುಲ ಕಲ್ಲುಪ್ಪು ಹರವಿ, ಒಳಗೆ ಕುಕ್ಕರಿನ ಸ್ಟ್ಯಾಂಡ್ ಇಟ್ಟು, ಮುಚ್ಚಿ, ಮಧ್ಯಮ ಉರಿಯಲ್ಲಿ ಹದಿನೈದು ನಿಮಿಷ ಕಾಯಿಸಿ. ಜಿಡ್ಡು ಸವರಿದ ತಟ್ಟೆಯಲ್ಲಿ ಸ್ಕೋನ್ ಜೋಡಿಸಿ ಒಳಗಿಟ್ಟು 20ರಿಂದ 25 ನಿಮಿಷ ಬೇಯಿಸಿ. ಮೇಲ್ಭಾಗ ಬಿಳಿಚಿಕೊಂಡೇ ಇರುತ್ತದೆ, ಅದನ್ನು ನೋಡಿ ಉರಿ ಹೆಚ್ಚಿಸಿದರೆ ತಳ ಸೀಯುತ್ತದೆ. ಬಣ್ಣ ಬೇಕಾದರೆ ಬೆಂದ ಮೇಲೆ ಮಗುಚಿ ಬಿಸಿ ಹಂಚಿಗೆ ಒಂದು ನಿಮಿಷ ತೋರಿಸಿ.

ಓವನ್: 220 ಡಿಗ್ರಿಗೆ ಮೊದಲೇ 15 ನಿಮಿಷ ಕಾಯಿಸಿ, ಮೇಲೆ ಹಾಲು ಸವರಿ, 12ರಿಂದ 15 ನಿಮಿಷ. ಕಾಯದ ಓವನ್ನಿಗೆ ಇಟ್ಟರೆ ಹಬೆ ಏಳುವ ಮೊದಲೇ ಬೆಣ್ಣೆ ಸೋರಿಹೋಗುತ್ತದೆ.

8. ಬೆಂದಿದೆಯೇ ಎಂದು ತಿಳಿಯಲು ಒಂದನ್ನು ಮುರಿದು ನೋಡುವುದೇ ಮೇಲು. ಕಡ್ಡಿ ಚುಚ್ಚಿದರೆ ಹಣ್ಣಿಗೆ ತಾಗಿ ಮೋಸವಾಗುತ್ತದೆ. ಬೆಂದದ್ದನ್ನು ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಟ್ಟರೆ ಮೇಲ್ಮೈ ಮೆತ್ತಗಿರುತ್ತದೆ, ಜಾಲರಿಯ ಮೇಲೆ ಬಿಟ್ಟರೆ ಗರಿಗರಿ.

ಎಚ್ಚರಿಕೆ

ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿಯಾಗಿ ಕಾಯಿಸಬೇಡಿ. 260 ಡಿಗ್ರಿ ದಾಟಿದರೆ ಅದರ ಲೇಪ ಕೆಟ್ಟ ಹೊಗೆ ಬಿಡತೊಡಗುತ್ತದೆ. ಪ್ರೆಶರ್ ಕುಕ್ಕರನ್ನು ಒಣಗಿಸಿ ಕಾಯಿಸಿ ಕೇಕು ಮಾಡುವ ರೂಢಿ ಇದೆ, ನಾನು ಅದನ್ನು ಹೇಳುವುದಿಲ್ಲ. ಮಾಡಲೇಬೇಕೆಂದರೆ ಗ್ಯಾಸ್ಕೆಟ್ಟನ್ನೂ ವೆಯ್ಟನ್ನೂ ತೆಗೆದಿಡಿ, ಕೆಲಸ ಮುಗಿದ ತಕ್ಷಣ ತಣ್ಣೀರು ಹಾಕಬೇಡಿ. ಕಾದ ಉಪ್ಪಿಗೂ ನೀರು ಬೀಳಬಾರದು, ಸಿಡಿಯುತ್ತದೆ. ಆ ಉಪ್ಪನ್ನು ಡಬ್ಬಿಯಲ್ಲಿಟ್ಟು ಮುಂದಿನ ಸಲ ಇದೇ ಕೆಲಸಕ್ಕೆ ಬಳಸಿ, ಸಾರಿಗೆ ಬೇಡ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಸ್ಕೋನಿನ ಒಳಗೆ ನೀಲಿ, ಬೂದು ಇಲ್ಲವೇ ಹಸಿರು ಛಾಯೆ ಕಂಡು ಕೆಟ್ಟಿತೆಂದು ಎಸೆಯುವವರಿದ್ದಾರೆ. ದಾಳಿಂಬೆ, ನೇರಳೆಹಣ್ಣಿನ ಕೆಂಪು, ನೇರಳೆ ಬಣ್ಣಕ್ಕೆ ಕಾರಣವಾದ ಆಂಥೋಸಯಾನಿನ್ ಹುಳಿಯಲ್ಲಿ ಕೆಂಪಾಗಿಯೂ ಸೋಡದ ಕ್ಷಾರದಲ್ಲಿ ನೀಲಿ ಹಸಿರಾಗಿಯೂ ತಿರುಗುತ್ತದೆ. ತಿನ್ನಲು ಅಡ್ಡಿಯಿಲ್ಲ, ನೋಡಲು ಚೆಂದವಿಲ್ಲ ಅಷ್ಟೆ. ಸೋಡ ಹೆಚ್ಚಾಯಿತೆಂಬುದಕ್ಕೆ ಅದೇ ಸಾಕ್ಷಿ. ಇಂಥ ಹಣ್ಣಿಗೆ ಬೇಕಿಂಗ್ ಪೌಡರನ್ನೇ ಬಳಸಿ, ಹಾಲಿಗೆ ಒಂದು ಚಮಚ ನಿಂಬೆರಸ ಹಿಂಡಿ.

ಪಕ್ಕಕ್ಕೆ ಹರಡಿದ ಸ್ಕೋನಿಗೆ ಬಹುಪಾಲು ಕಾರಣ ಮೆತ್ತಗಾದ ಬೆಣ್ಣೆ. ಕತ್ತರಿಸಿದ ತುಂಡುಗಳನ್ನು ಹದಿನೈದು ನಿಮಿಷ ಫ್ರಿಜ್ಜಿನಲ್ಲಿಟ್ಟು ಬೇಯಿಸಿದರೆ ಸರಿಹೋಗುತ್ತದೆ. ಗಟ್ಟಿಯಾದದ್ದಕ್ಕೆ ನಾದಿದ್ದೇ ಕಾರಣ, ಅದಕ್ಕೆ ಆಮೇಲೆ ಪರಿಹಾರವಿಲ್ಲ. ಹಣ್ಣಿನ ಸುತ್ತ ಹಸಿ ಹಿಟ್ಟು ಉಳಿದರೆ ಹಣ್ಣು ಸಾಕಷ್ಟು ಒಣಗಿರಲಿಲ್ಲ, ಇಲ್ಲವೇ ತುಂಡು ದೊಡ್ಡದಾಯಿತು. ಲೋಟದಲ್ಲಿ ದುಂಡಗೆ ಕತ್ತರಿಸುವವರು ಲೋಟವನ್ನು ತಿರುಗಿಸುತ್ತಾರೆ. ದಪ್ಪ ಅಂಚು ಪಕ್ಕದ ಪದರಗಳನ್ನು ಹಿಸುಕಿ ಅಂಟಿಸಿಬಿಡುತ್ತದೆ, ಆಮೇಲೆ ಅದು ವಾರೆಯಾಗಿ ಉಬ್ಬುತ್ತದೆ.

ಮೈದಾ ಬೇಡವೆನ್ನುವವರಿಗೆ: ಅರ್ಧದಷ್ಟು ಗೋಧಿ ಹಿಟ್ಟು ಹಾಕಬಹುದು, ತವುಡು ನೀರು ಹೀರುವುದರಿಂದ ಹಾಲು ಒಂದೆರಡು ಚಮಚ ಹೆಚ್ಚು ಬೇಕು. ರಾಗಿ ಅಥವಾ ಸಾವೆ ಹಿಟ್ಟಾದರೆ ಕಾಲು ಭಾಗಕ್ಕೆ ನಿಲ್ಲಿಸಿ. ಗ್ಲುಟೆನ್ ಕಡಿಮೆ ಸಾಕು ಎಂದೆನಲ್ಲ, ಆದರೆ ಪೂರ್ತಿ ಇಲ್ಲದಿದ್ದರೆ ಎತ್ತುವಾಗಲೇ ಮುರಿಯುತ್ತದೆ. ರಾಗಿಗೆ ಬಾಳೆಹಣ್ಣೂ ಬೆಲ್ಲದ ಪುಡಿಯೂ ಚೆನ್ನಾಗಿ ಹೊಂದುತ್ತವೆ.

ಜೊತೆಗೆ ಏನು ಎಂಬ ಚಿಂತೆ ಬೇಡ. ಇಂಗ್ಲೆಂಡಿನ ಡೆವನ್, ಕಾರ್ನ್‌ವಾಲ್ ಕಡೆ ಸ್ಕೋನಿಗೆ ಹಾಕುವ ಗಟ್ಟಿ ಕ್ರೀಮನ್ನು ಕೆನೆಭರಿತ ಹಾಲನ್ನು ನಿಧಾನ ಕಾಯಿಸಿ, ಆರಿಸಿ, ಮೇಲೆ ಕಟ್ಟಿದ್ದನ್ನು ತೆಗೆದೇ ಮಾಡುತ್ತಾರೆ. ಎಮ್ಮೆ ಹಾಲಿನ ದಪ್ಪ ಕೆನೆ ಅದಕ್ಕೆ ತೀರ ದೂರದ್ದಲ್ಲ. ಸ್ಕೋನನ್ನು ಚಾಕುವಿನಲ್ಲಿ ಕೊಯ್ಯದೆ ಕೈಯಲ್ಲಿ ಎರಡಾಗಿ ಬಿಡಿಸಿ, ಕೆನೆ ಸವರಿ, ಇಂಗಿಸಿದ ದಾಳಿಂಬೆ ರಸವನ್ನು ಅರ್ಧ ಚಮಚ ಹಾಕಿ.

ಉಳಿದದ್ದು ಮರುದಿನಕ್ಕೆ ಒಣಗುತ್ತದೆ. ಹಾಲು ಚಿಮುಕಿಸಿ, ಮುಚ್ಚಿದ ಹಂಚಿನ ಮೇಲೆ ಮೂರು ನಿಮಿಷ ಬಿಸಿ ಮಾಡಿದರೆ ತಿನ್ನಬಹುದು. ಅದಕ್ಕಿಂತ ಬೇಯಿಸದ ತುಂಡುಗಳನ್ನೇ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರಿನಲ್ಲಿಟ್ಟು, ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿಡಿ. ನೆಂಟರು ಬಂದ ದಿನ ಕರಗಿಸದೆ ನೇರವಾಗಿ ಓವನ್ ಅಥವಾ ಬಾಣಲೆಗಿಟ್ಟು ನಾಲ್ಕೈದು ನಿಮಿಷ ಹೆಚ್ಚು ಬೇಯಿಸಿ. ಹಂಚಿಗಾದರೆ ಮೊದಲು ಫ್ರಿಜ್ಜಿನಲ್ಲಿ ಕರಗಲು ಬಿಡಬೇಕು, ಇಲ್ಲದಿದ್ದರೆ ಹೊರಗೆ ಸೀದು ಒಳಗೆ ಹಸಿಯೇ ಉಳಿಯುತ್ತದೆ. ಕರೆಂಟು ಗಂಟೆಗಟ್ಟಲೆ ಹೋಗುವ ಊರಿನಲ್ಲಿ ಒಂದು ವಾರಕ್ಕಾಗುವಷ್ಟೇ ಮಾಡಿಡಿ. ಒಮ್ಮೆ ಪೂರ್ತಿ ಕರಗಿದ್ದನ್ನು ಮತ್ತೆ ಗಟ್ಟಿ ಮಾಡದೆ ಅಂದೇ ಬೇಯಿಸಿಬಿಡಿ.